ಮಾವನ ಮೂಗು ತೊಳೆದ ದಿನಗಳು

ನನ್ನ ಮಾವ ಕಟಿಂಗ್ ಶಾಪಿನವರು, ನಾನು ಚಪ್ಪಲಿ ಅಂಗಡಿಯವನು. ತಲೆ ತನ್ನ ಪಾಲು, ಕಾಲು ಅಳಿಯನ ಪಾಲು, ನಡುವಿನ ಹೊಟ್ಟೆ ಮಗಳ ಪಾಲು ಎಂದು ಮದುವೆ ಮಾತುಕತೆಯ ದಿನವೇ ಹೇಳಿ ಎಲ್ಲರನ್ನೂ ನಗಿಸಿದ್ದರು. ಹನ್ನೊಂದು ವರ್ಷ ಅವರು ನನ್ನ ಮುಖಕ್ಷೌರ ಮಾಡಿದರು. ಆಮೇಲೆ ಹತ್ತೊಂಬತ್ತು ದಿನ ನಾನು ಅವರ ಮುಖ ತೊಳೆದೆ. ಮಾವ ಎಂಥ ಮನುಷ್ಯ ಎಂದು ನನಗೆ ಗೊತ್ತಾದದ್ದು ಆ ಹತ್ತೊಂಬತ್ತು ದಿನಗಳಲ್ಲಿ.

ಅವರ ಅಂಗಡಿಯಲ್ಲಿ ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಮೂಲೆಯ ಸ್ಟವ್ ಮೇಲೆ ಸದಾ ಕುದಿಯುವ ನೀರು. ಎರಡನೆಯ ಕುರ್ಚಿಯಲ್ಲಿ ಕೂರುವವರು ಗಿರಾಕಿಗಳಲ್ಲ, ಪುಕ್ಕಟೆ ಪೇಪರ್ ಓದುವವರು. ಮಾವ ಹದಿನಾಲ್ಕನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಕತ್ತಿ ಹಿಡಿಯುವುದನ್ನು ಕಲಿತದ್ದು ತಮ್ಮದೇ ಮೊಣಕಾಲ ಕೆಳಗೆ. ದಿನಾ ಸಂಜೆ ತಮ್ಮ ಕಾಲಿಗೆ ತಾವೇ ಸೋಪು ಹಚ್ಚಿ ಕೆರೆದುಕೊಂಡು, ಒಂದು ವರ್ಷ ಕಾಲ ಮೇಲೆ ಒಂದು ರೋಮ ಉಳಿಸದೆ, ಆಮೇಲೆ ಇನ್ನೊಬ್ಬರ ಕೆನ್ನೆ ಮುಟ್ಟಿದರಂತೆ. ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ತೆಗೆದು, ಕೆಲಸ ಮುಗಿದ ಮೇಲೆ ಅವನ ಕಣ್ಣೆದುರೇ ಮುರಿದು ಡಬ್ಬಿಗೆ ಹಾಕುತ್ತಿದ್ದರು. ವಾರದ ರಜೆಯ ದಿನ ಚೀಲ ಹೆಗಲಿಗೇರಿಸಿ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಕ್ಷೌರ ಮಾಡಿ ಬರುತ್ತಿದ್ದರು. ಯಾರೂ ಹೇಳಿ ಕಳಿಸಬೇಕಿರಲಿಲ್ಲ. ಯಾರು ಎಷ್ಟು ದಿನದಿಂದ ಅಂಗಡಿಗೆ ಬಂದಿಲ್ಲ ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

ಗುಣ ಇಷ್ಟೇ ಎಂದರೆ ಮಾವನ ಪರಿಚಯ ಪೂರ್ತಿಯಾಗುವುದಿಲ್ಲ. ಅವರು ಹಟಮಾರಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರ ಉಪದೇಶವನ್ನೂ ಕೇಳಿಸಿಕೊಳ್ಳದೆ ಎಲ್ಲರಿಗೂ ಉಪದೇಶ ಮಾಡುವ ಜನ. ಮಚ್ಚೆ ದಪ್ಪಗಾಗಿದೆ, ಡಾಕ್ಟರಿಗೆ ತೋರಿಸು ಎಂದು ಮೂರು ಮಂದಿ ಗಿರಾಕಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಅಟ್ಟಿದವರು, ತಮ್ಮ ಮೂಗಿನ ಎಡಪಕ್ಕದಲ್ಲಿ ಎದ್ದ ಹುಣ್ಣನ್ನು ಕನ್ನಡಕ ಉಜ್ಜಿ ಆದದ್ದು ಎಂದು ಎರಡು ವರ್ಷ ತಳ್ಳಿದರು. ಕೊನೆಗೆ ನಾನು ನಾಲ್ಕು ಜನರ ಮುಂದೆ ಕೂಗಾಡಿ ಕರೆದುಕೊಂಡು ಹೋದೆ. ಸಿಟ್ಟಿನಲ್ಲಿ ನಾನೂ ಅವರಿಗಿಂತ ಕಡಿಮೆಯವನೇನಲ್ಲ.

ಅದು ಚರ್ಮದ ಕ್ಯಾನ್ಸರ್. ಹರಡುವ ಜಾತಿಯದಲ್ಲ, ಆದರೆ ಬಿಟ್ಟರೆ ಮೂಗನ್ನೇ ತಿನ್ನುವಂಥದ್ದು. ಆಪರೇಷನ್ ಮಾಡಿದ ಡಾಕ್ಟರಮ್ಮ ಹುಣ್ಣನ್ನು ಸುತ್ತಲಿನ ಚರ್ಮದ ಸಮೇತ ತೆಗೆದರು. ಉಳಿದ ಗುಂಡಿ ಮುಚ್ಚುವುದಕ್ಕೆ, ಮೂಗಿನಿಂದ ಬಾಯಿಯ ಕಡೆ ಇಳಿಯುವ ಗೆರೆಯ ಪಕ್ಕದ ಕೆನ್ನೆಯ ಚರ್ಮವನ್ನು ಒಂದು ತುದಿ ಬಿಡಿಸದೆ ತಿರುಗಿಸಿ ತಂದು ಹೊಲಿದರು. ಆ ತೇಪೆ ಹೊಸ ಜಾಗದಲ್ಲಿ ಬೇರು ಬಿಟ್ಟು ಬದುಕಬೇಕು, ಅದೊಂದೇ ಈಗಿನ ಕೆಲಸ ಎಂದರು.

ಮುಖ ತೊಳೆಯುವ ಕ್ರಮವನ್ನು ಡ್ರೆಸ್ಸಿಂಗ್ ರೂಮಿನ ಸಿಸ್ಟರ್ ಹೇಳಿಕೊಟ್ಟರು. ಕುದಿಸಿ ಆರಿಸಿದ ನೀರು. ಮೊದಲು ಕೈಗೆ ಸೋಪು, ಮೊಣಕೈವರೆಗೆ. ಕಡ್ಡಿಗೆ ಸುತ್ತಿದ ಹತ್ತಿಯನ್ನು ನೀರಿನಲ್ಲಿ ಅದ್ದಿ ಹೊಲಿಗೆಯ ಮೇಲೆ ಉರುಳಿಸಬೇಕು, ಉಜ್ಜಬಾರದು. ಒಂದು ಸಲ ಉರುಳಿಸಿದ ಹತ್ತಿ ಮತ್ತೆ ಮುಖಕ್ಕೆ ತಾಗಬಾರದು. ಗಟ್ಟಿಯಾದ ಹಕ್ಕಳೆಯನ್ನು ಕೀಳಬಾರದು, ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟು ಅದೇ ಬಿಡುವವರೆಗೆ ಕಾಯಬೇಕು. ಆಮೇಲೆ ಒತ್ತಿ ಒತ್ತಿ ನೀರು ಆರಿಸಿ, ತೆಳ್ಳಗೆ ಮುಲಾಮು. ಬಿಸಿನೀರು, ಹಬೆ, ಬಿಸಿಲು, ಬಗ್ಗುವುದು, ಮೂಗು ಸೀನುವುದು ಯಾವುದೂ ಕೂಡದು. ಮಾವ ಅಷ್ಟನ್ನೂ ಕೇಳಿ, ನಲವತ್ತು ವರ್ಷದಿಂದ ಮುಖ ತೊಳೆಯುವುದೇ ತನ್ನ ಕಸುಬು ಎಂದು ಸಿಸ್ಟರಿಗೆ ನಯವಾಗಿ ತಿಳಿಸಿದರು. ಆಕೆ ನನ್ನ ಕಡೆ ನೋಡಿದರು. ನಾನು ಚಾವಣಿ ನೋಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ಮಾವ ಒಬ್ಬರೇ ಮುಖ ತೊಳೆಯುತ್ತಿದ್ದರು. ತೇಪೆಯ ಅಂಚಿನಲ್ಲಿ ಒಂದು ಹಕ್ಕಳೆ ಎದ್ದು ನಿಂತಿತ್ತು. ಅಂಥದ್ದು ಕಂಡರೆ ಅವರ ಉಗುರು ಸುಮ್ಮನಿರುವುದಿಲ್ಲ. ಎಬ್ಬಿಸಿದರು, ಒಂದು ಹನಿ ರಕ್ತ ಬಂತು. ರಕ್ತ ಬಂದ ಕೂಡಲೇ ಅವರ ಬಲಗೈ ಕಪಾಟಿನ ಪಟಿಕದ ಕಡೆಗೆ ಹೋಯಿತು. ಬ್ಲೇಡು ತಾಗಿದಾಗ ರಕ್ತ ನಿಲ್ಲಿಸಲು ಕಟಿಂಗ್ ಶಾಪಿನವರು ಒದ್ದೆ ಮಾಡಿ ಉಜ್ಜುತ್ತಾರಲ್ಲ, ಆ ಬಿಳಿ ಕಲ್ಲು. ಉಜ್ಜಿಯೂ ಬಿಟ್ಟರು, ಹೊಲಿಗೆಯಿಂದ ಹೊಲಿಗೆಗೆ, ಗಿರಾಕಿಗೆ ಮಾಡುವಷ್ಟೇ ಅಚ್ಚುಕಟ್ಟಾಗಿ. ಅತ್ತೆ ಹಾಲು ಕೊಡಲು ಹೋದವರು ಅದನ್ನು ನೋಡಿ ಲೋಟ ಕೈಬಿಟ್ಟರು.

ಏಳನೆಯ ದಿನ ಹೊಲಿಗೆ ಬಿಚ್ಚಲು ಹೋಗುವ ಹೊತ್ತಿಗೆ ತೇಪೆ ಬಿಗಿದುಕೊಂಡು, ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ಏನು ಹಚ್ಚಿದಿರಿ ಎಂದು ಡಾಕ್ಟರಮ್ಮ ಕೇಳಿದರು. ಮಾವ ಇದ್ದದ್ದನ್ನು ಇದ್ದಹಾಗೆ ಹೇಳಿದರು, ಉಗುರಿನಿಂದ ಹಿಡಿದು ಕಲ್ಲಿನವರೆಗೆ, ಒಂದು ಮಾತೂ ಮುಚ್ಚಿಡದೆ. ಡಾಕ್ಟರಮ್ಮನಿಗೆ ಬೈಯಬೇಕೋ ಮೆಚ್ಚಬೇಕೋ ತಿಳಿಯಲಿಲ್ಲ. ಪಟಿಕ ಒಂದೇ ಕಾರಣ ಎನ್ನಲಾರೆ, ಒಮ್ಮೊಮ್ಮೆ ತಾನಾಗಿಯೂ ಹೀಗಾಗುತ್ತದೆ ಎಂದರು. ಮೇಲಿನ ಪದರ ಹೋದಂತೆಯೇ. ಅಡಿಯದು ಬದುಕಿದೆಯೋ ಇಲ್ಲವೋ ತಿಳಿಯಲು ಮೂರು ವಾರ ಬೇಕು. ಇಲ್ಲವಾದರೆ ಹಣೆಯ ಚರ್ಮ ತೆಗೆದು ಮತ್ತೆ ಎರಡು ಆಪರೇಷನ್, ಅದೂ ಈ ವಯಸ್ಸಿಗೆ ಹಿಡಿದೇ ಹಿಡಿಯುತ್ತದೆ ಎಂದು ಮಾತು ಕೊಡಲಾಗದು. ಅಲ್ಲಿಯವರೆಗೆ ದಿನಕ್ಕೆ ಮೂರು ಹೊತ್ತು ತೊಳೆಯುವುದು, ಒಣಗಲು ಬಿಡದಿರುವುದು, ಇಷ್ಟೇ ಔಷಧ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾವ ನಿಂತುಬಿಟ್ಟರು. ಅವರ ಭಯ ಏನೆಂದು ಆಗ ಬಾಯಿಬಿಟ್ಟರು. ಗಿರಾಕಿ ತಲೆ ಹಿಂದಕ್ಕೆ ಹಾಕಿ ಕಣ್ಣು ಬಿಟ್ಟರೆ ಅವನಿಗೆ ಕಾಣುವುದು ತನ್ನ ಮುಖವೊಂದೇ, ಒಂದು ಗೇಣು ದೂರದಲ್ಲಿ, ಹತ್ತು ನಿಮಿಷ. ಮೂಗಿಲ್ಲದ ಮುಖದ ಕೆಳಗೆ ಯಾರು ಕುತ್ತಿಗೆ ಒಡ್ಡಿ ಕೂರುತ್ತಾರೆ ಎಂದರು. ನಾನು ಸಮಾಧಾನ ಹೇಳಲು ಹೋದೆ. ಅವರು ಕೈಯೆತ್ತಿ ತಡೆದರು.

"ಅಳಿಯಂದ್ರೇ, ಇನ್ಮೇಲೆ ನನ್ನ ಮುಖಾನ ನನ್ನ ಕೈಗೆ ಕೊಡ್ಬೇಡಿ. ಅದಕ್ಕೆ ನಲವತ್ತು ವರ್ಷದ ಚಟ. ನೀವು ತೊಳೀರಿ."

ಅತ್ತೆಯ ಕೈ ನಡುಗುತ್ತದೆ. ನನ್ನ ಹೆಂಡತಿ ಬೆರಳಿಗೆ ಸೂಜಿ ಚುಚ್ಚಿದರೂ ಗೋಡೆ ಹಿಡಿದು ಕೂರುವವಳು. ಉಳಿದವನು ನಾನು. ಮಾವನ ಮುಖಕ್ಕೆ ಅಳಿಯ ಕೈಹಾಕುವುದೆಂದರೆ ಸಣ್ಣ ಮಾತೇ? ಹನ್ನೊಂದು ವರ್ಷದಲ್ಲಿ ನಾನು ಅವರೆದುರು ಕಾಲು ಚಾಚಿ ಕೂತವನಲ್ಲ. ಮೊದಲ ದಿನ ಹೆಂಡತಿ ನೀರಿನ ಬಟ್ಟಲನ್ನು ನನ್ನ ಕಡೆ ಚಾಚಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ನಿಂತಿದ್ದಳು. ಹಾಗಾಗಿ ನಾನು ಎರಡು ಸಲ ನೀರಿನ ಬದಲು ಅವಳ ಬಳೆಗೆ ಹತ್ತಿ ಅದ್ದಿದೆ.

ಮಾವ ಮಾತ್ರ ಕುರ್ಚಿಯಲ್ಲಿ ತಲೆ ಹಿಂದಕ್ಕಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಕೂತರು. ಹೇಳಿಕೊಡಲಿಲ್ಲ, ತಿದ್ದಲಿಲ್ಲ, ಅಯ್ಯೋ ಎನ್ನಲಿಲ್ಲ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಎರಡು, ಸಂಜೆ ಏಳು. ಮಧ್ಯಾಹ್ನ ನಾನು ಅಂಗಡಿಯಿಂದ ಸೈಕಲ್ ತುಳಿದು ಬರುವಷ್ಟರಲ್ಲಿ ಅವರು ಕುರ್ಚಿಯಲ್ಲಿ ಕೂತಿರುತ್ತಿದ್ದರು, ಸ್ಕೂಲು ಬೆಲ್ಲಿಗೆ ಕಾಯುವ ಮಗುವಿನ ಹಾಗೆ. ಊರಿಗೆಲ್ಲ ಉಪದೇಶ ಮಾಡುವ ಮನುಷ್ಯ, ಒಂದು ತಪ್ಪು ಮಾಡಿ ಅದನ್ನು ಒಪ್ಪಿಕೊಂಡು, ತನಗಿಂತ ಕೆಲಸ ಕಡಿಮೆ ಬಲ್ಲವನ ಕೈಗೆ ಮುಖ ಕೊಟ್ಟು ತೆಪ್ಪಗೆ ಕೂರುವುದು ಸುಲಭವಲ್ಲ. ನಾನಾಗಿದ್ದರೆ ಎರಡನೆಯ ದಿನವೇ ಜಗಳ ತೆಗೆದು ಎದ್ದುಹೋಗುತ್ತಿದ್ದೆ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲಿ. ಅಲ್ಲಿಯವರೆಗೆ ಇದ್ದದ್ದು ಮಾವ ಎಂಬ ಮರ್ಯಾದೆ ಅಷ್ಟೆ.

ಒಂದೇ ಒಂದು ದಿನ ಅವರ ಬಾಯಿ ತಡೆಯಲಿಲ್ಲ. ಅಂಗಡಿ ಮುಚ್ಚಿ ಎರಡು ವಾರವಾಗಿತ್ತು, ನನ್ನ ಕೂದಲು ಕಿವಿ ಮುಚ್ಚುತ್ತಿತ್ತು. ಯಾರಿಗೂ ಹೇಳದೆ ಆಚೆ ಬೀದಿಯ ಸಲೂನಿಗೆ ಹೋಗಿ ಕತ್ತರಿಸಿಕೊಂಡು, ಟೋಪಿ ಹಾಕಿಕೊಂಡು ಬಂದೆ. ಸಂಜೆ ಬಗ್ಗಿ ಮುಲಾಮು ಹಚ್ಚುವಾಗ ಟೋಪಿ ಜಾರಿತು. ಮಾವ ಒಂದು ನಿಮಿಷ ನನ್ನ ಕಿವಿಯ ಹಿಂಭಾಗವನ್ನೇ ನೋಡಿದರು. ಎಡಗಡೆ ಮಟ್ಟ ತಪ್ಪಿದೆ, ಯಾರು ಎಂದು ಕೇಳುವುದಿಲ್ಲ, ಅವನು ತಲೆ ನೋಡದೆ ಕನ್ನಡಿ ನೋಡಿ ಕತ್ತರಿಸುವವನು ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಬಟ್ಟಲು ಹಿಡಿದವಳು ಕಿಟಕಿಯ ಕಡೆ ತಿರುಗಿ ಭುಜ ಕುಣಿಸಿ ನಗುತ್ತಿದ್ದಳು.

ನಾನು ತೊಳೆಯಲು ಹಿಡಿದ ಹದಿನಾರನೆಯ ದಿನ, ಒದ್ದೆ ಬಟ್ಟೆ ತೆಗೆಯುವಾಗ ಕಪ್ಪು ಚಕ್ಕೆ ಪೂರ್ತಿಯಾಗಿ ಬಟ್ಟೆಯ ಜೊತೆಗೇ ಬಂದುಬಿಟ್ಟಿತು. ಅದರ ಅಡಿಯಲ್ಲಿ ಕೆಂಪು ಇರುತ್ತದೆ ಎಂದು ಕಾದಿದ್ದೆವು. ಇದ್ದದ್ದು ಕೆಂಪೂ ಅಲ್ಲ, ಬಿಳಿಯೂ ಅಲ್ಲ, ತೊಳೆದಿಟ್ಟ ಅಕ್ಕಿಯ ಬಣ್ಣ. ಮಾವ ಕನ್ನಡಿ ಕೇಳಿದರು. ಬಹಳ ಹೊತ್ತು ನೋಡಿ, ಕನ್ನಡಿಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. ಸತ್ತವರಿಗೂ ಕ್ಷೌರ ಮಾಡಿದ್ದೇನೆ, ಈ ಬಣ್ಣ ನನಗೆ ಗೊತ್ತು ಎಂದರು. ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಏಳಕ್ಕೆ ನಾನು ಹೋಗುವುದೋ ಬೇಡವೋ ಎನ್ನುತ್ತಿದ್ದೆ, ಹೋಗಿ ನೋಡಿದರೆ ಮಾವ ಆಗಲೇ ಕುರ್ಚಿಯಲ್ಲಿ ಕೈಗಳ ಮೇಲೆ ಕೂತಿದ್ದರು. ಮೂರು ವಾರ ತೊಳೀಬೇಕು ಅಂದ ಮೇಲೆ ಮೂರು ವಾರ ತೊಳೀಬೇಕು ಎಂದರು. ಆಸೆ ಬಿಟ್ಟ ಮೇಲೂ ಕೆಲಸ ಬಿಡದ ಮನುಷ್ಯನನ್ನು ನಾನು ಅವತ್ತೇ ಕಂಡದ್ದು. ಬಾಗಿಲ ಹಿಂದೆ ನಿಂತು ಕಣ್ಣು ಒರೆಸಿಕೊಂಡು ಕೈಗೆ ಸೋಪು ಹಚ್ಚಲು ಹೋದೆ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹತ್ತಿ ಉರುಳಿಸುತ್ತಿದ್ದೆ. ತೇಪೆಯ ನಡುವೆ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತು. ಬಿಡಿಸಿದೆ, ಇನ್ನೊಂದು ಕಡ್ಡಿ ತೆಗೆದುಕೊಂಡೆ, ಅದರ ಎಳೆಯೂ ಅಲ್ಲೇ ಸಿಕ್ಕಿತು. ಹೊಲಿಗೆಯ ದಾರ ಉಳಿದುಹೋಗಿದೆ ಎಂದುಕೊಂಡು ಕಡ್ಡಿ ಕೆಳಗಿಟ್ಟೆ. ಮಾವನಿಗೆ ಆ ಜಾಗದಲ್ಲಿ ಸ್ಪರ್ಶವೇ ಇರಲಿಲ್ಲ. ಏನಾಯಿತು ಎಂದು ಕೇಳಿದರು. ಹತ್ತಿ ಸಿಕ್ಕಿಕೊಳ್ಳುತ್ತಿದೆ ಎಂದೆ. ಎಲ್ಲಿ, ಮೇಲಿಂದ ಕೆಳಕ್ಕೆ ಉರುಳಿಸಿದಾಗಲೋ ಕೆಳಗಿಂದ ಮೇಲಕ್ಕೋ ಎಂದರು. ಕೆಳಗಿಂದ ಮೇಲಕ್ಕೆ ಎಂದೆ.

ಅವರು ಎದ್ದರು. ತೊಡೆಯ ಕೆಳಗಿನ ಕೈ ಹೊರಗೆ ಬಂತು. ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ, ಸಿಸ್ಟರ್ ಹೇಳಿದಷ್ಟೇ ಹೊತ್ತು ತೊಳೆದು, ಆರಿಸಿಕೊಂಡು ಬಂದರು. ನನ್ನ ಕಡೆ ನೋಡಿ, ಮುಟ್ಟಲೇ ಎಂದು ಅಪ್ಪಣೆ ಕೇಳಿದರು. ನಾನು ತಲೆಯಾಡಿಸಿದೆ. ನಡುಬೆರಳಿನ ತುದಿಯನ್ನು ಮೂಗಿನ ಮೇಲೆ ಇಟ್ಟು ಮೆಲ್ಲಗೆ ಕೆಳಕ್ಕೆ ಎಳೆದರು. ಆಮೇಲೆ ಮೆಲ್ಲಗೆ ಮೇಲಕ್ಕೆ. ಕತ್ತಿ ಇಡುವ ಮೊದಲು ಪ್ರತಿ ಗಿರಾಕಿಯ ಕೆನ್ನೆಯ ಮೇಲೂ ಹಾಗೇ ಮಾಡುತ್ತಿದ್ದರು, ಗಡ್ಡ ಯಾವ ಕಡೆಗೆ ಬೆಳೆದಿದೆ ಎಂದು ತಿಳಿಯಲು. ಅವರ ಬೆರಳು ನಿಂತಿತು.

"ಗಡ್ಡ," ಎಂದರು. "ಮೂರು ದಿನದ್ದು."

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಗಾಬರಿಯಿಂದ ಗಂಡನ ಹಣೆ ಮುಟ್ಟಿ ಜ್ವರ ನೋಡಿದರು. ಆಮೇಲೆ ಹೊಳೆಯಿತು: ಆ ಚರ್ಮ ಬಂದದ್ದು ಕೆನ್ನೆಯಿಂದ, ಗಡ್ಡ ಬೆಳೆಯುವ ಜಾಗದಿಂದ. ಜಾಗ ಬದಲಾದರೂ ಅದು ತನ್ನ ಕೆಲಸ ಮರೆತಿರಲಿಲ್ಲ. ಸತ್ತ ಚರ್ಮದಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ ಎಂಬುದನ್ನು ಮಾವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಡಾಕ್ಟರಮ್ಮ ಕೊಟ್ಟ ದಿನಕ್ಕೆ ಕಾಯದೆ ಅವತ್ತೇ ಹೋದೆವು. ಅವರು ದೀಪ ಹತ್ತಿರ ಎಳೆದು, ಭೂತಗನ್ನಡಿ ಹಿಡಿದು ಬಗ್ಗಿದರು. ನನ್ನ ಹೆಂಡತಿ ಜೀವನದಲ್ಲಿ ಮೊದಲ ಸಲ ಕಣ್ಣು ತಿರುಗಿಸದೆ ಅಪ್ಪನ ಮೂಗನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಒಂದು, ಎರಡು ಎಂದು ಎಣಿಸುತ್ತ ಏಳರವರೆಗೆ ಬಂದು, ಸಿಸ್ಟರನ್ನು ಕರೆದು ತೋರಿಸಿ, ನೆಟ್ಟಗೆ ನಿಂತು ಅಡಿಯ ಚರ್ಮ ಬದುಕಿದೆ ಎಂದರು. ಇನ್ನೊಂದು ಆಪರೇಷನ್ ಬೇಕಿಲ್ಲ. ಬಣ್ಣ ತಾನಾಗಿ ಬರುತ್ತದೆ. ಆಮೇಲೆ ಸ್ವಲ್ಪ ಸಂಕೋಚದಿಂದ, ಮೂಗಿನ ಮೇಲೆ ಕೂದಲು ಚೆನ್ನಾಗಿ ಕಾಣುವುದಿಲ್ಲ, ಗಾಯ ಪೂರ್ತಿ ಮಾಗಿದ ಮೇಲೆ ಬೇರುಸಮೇತ ತೆಗೆಯುವ ಉಪಾಯವಿದೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು.

ಐವತ್ತೇಳು ವರ್ಷದ ಮಾವ, ಒಂದು ದಿನದ ಗಡ್ಡವನ್ನು ಯಾರ ಮುಖದಲ್ಲೂ ಸಹಿಸದಿದ್ದ ಮಾವ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳಲು ಹೋಗಿ, ಸಿಸ್ಟರ್ ಗದರಿದ್ದಕ್ಕೆ ಕೈಗಳನ್ನು ಗಾಳಿಯಲ್ಲೇ ತಡೆದುಕೊಂಡರು. ಕಣ್ಣೀರು ಹೊಲಿಗೆಯ ಗುರುತಿನ ಕಡೆಗೆ ಇಳಿಯುತ್ತಿತ್ತು. ನಾನು ಹತ್ತಿ ತೆಗೆದುಕೊಂಡು, ಉಜ್ಜದೆ, ಒತ್ತಿ ತೆಗೆದೆ.

"ತೆಗೀಬೇಡಿ ಡಾಕ್ಟರಮ್ಮಾ," ಎಂದರು. "ಬೆಳೀಲಿ ಬಿಡಿ. ಎಷ್ಟು ಬೇಕೋ ಅಷ್ಟು ಬೆಳೀಲಿ."