ಎಸರು ಹಾಕಿದ ಕೇಕು

ನವನಗರದ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಊಟಕ್ಕೆ ಮೂರು ಡಬ್ಬಿಗಳು ಒಂದೆಡೆ ಸೇರುವುದು ಬಹಳ ದಿನಗಳ ರೂಢಿ. ಗಂಡಸರು ಕಚೇರಿಗೆ, ಮಕ್ಕಳು ಶಾಲೆಗೆ ಹೋದಮೇಲೆ ಒಬ್ಬೊಬ್ಬರೇ ಗೋಡೆ ನೋಡುತ್ತ ಉಣ್ಣುವುದೇಕೆಂದು ಶುರುವಾದದ್ದು. ನಮ್ಮ ಪಡಸಾಲೆಯಲ್ಲಿ ಜಮಖಾನ ಹಾಸುತ್ತೇನೆ. ಎದುರು ಮನೆಯಿಂದ ಇಳಕಲ್ಲಿನ ಅಕ್ಕ ಬರುತ್ತಾಳೆ, ಪಕ್ಕದ ಮನೆಯಿಂದ ಬದಾಮಿ ಹುಡುಗಿ. ನಮ್ಮ ಕಡೆ ಸೊಸೆಯಾಗಿ ಬಂದವಳಿಗೆ ತವರೂರೇ ಹೆಸರು. ನಾನು ಹಳೆಯ ಬಾಗಲಕೋಟೆಯಲ್ಲಿ ಹುಟ್ಟಿ, ಹಿನ್ನೀರಿಗೆ ಸಿಕ್ಕ ಊರಿನ ಜೊತೆಗೇ ಇಲ್ಲಿಗೆ ಬಂದವಳಾದ್ದರಿಂದ ನನಗೆ ಊರಿನ ಹೆಸರು ಅಂಟಲಿಲ್ಲ. ಓದಿದ ಶಾಲೆಯ ಹೆಸರು ಅಂಟಿತು: ಕಾನ್ವೆಂಟ್ ವೈನಿ, ಅಂದರೆ ಕಾನ್ವೆಂಟ್ ಅತ್ತಿಗೆ.

ಇಳಕಲ್ಲಿನ ಅಕ್ಕ ನೇಕಾರರ ಮನೆಯ ಮಗಳು. ರೊಟ್ಟಿ ಬಡಿಯುವಾಗ ಅವಳ ಎರಡೂ ಅಂಗೈಗಳ ತಾಳ ನಮ್ಮ ಮನೆಯವರೆಗೆ ಕೇಳುತ್ತದೆ. ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ. ಬದಾಮಿ ಹುಡುಗಿ ನಮ್ಮಿಬ್ಬರಿಗಿಂತ ತುಂಬ ಚಿಕ್ಕವಳು, ಮನೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ತವರಿನಲ್ಲಿ ತಂದೆ, ಅಣ್ಣ ಇದ್ದಾರೆ, ತಾಯಿ ಇಲ್ಲ. ಅತ್ತೆ ಹುನಗುಂದದಲ್ಲಿ ಹೊಲ ನೋಡಿಕೊಂಡು ಇರುತ್ತಾರೆ.

ಹೊಲಿಗೆ ಮಿಶಿನ್ನಿನ ಮೇಜಿನ ಮೇಲೆ ನನ್ನದೊಂದು ಪುಟ್ಟ ಓವನ್ ಇದೆ. ಶಾಲೆಯಲ್ಲಿದ್ದಾಗ ಸಿಸ್ಟರ್‌ಗಳ ಅಡುಗೆಮನೆಯ ಕಿಟಕಿಯಿಂದ ಡಿಸೆಂಬರಿನಲ್ಲಿ ಬರುತ್ತಿದ್ದ ವಾಸನೆಯನ್ನು ಮರಳಿ ಹಿಡಿಯಲು ಅದರಲ್ಲಿ ಏನೇನೋ ಮಾಡುತ್ತಿರುತ್ತೇನೆ. ಇಳಕಲ್ಲಿನ ಅಕ್ಕ ಮೊಟ್ಟೆ ಮುಟ್ಟುವುದಿಲ್ಲ, ಹಾಗಾಗಿ ಎಲ್ಲವೂ ಮೊಸರಿನ ಮೇಲೆ ನಡೆಯಬೇಕು. ಚಮಚದ ಮೇಲಿನ ಹಿಟ್ಟನ್ನು ಚಾಕುವಿನ ಬೆನ್ನಿನಿಂದ ಸವರಿ ನಾನು ಅಳತೆ ಮಾಡುವುದನ್ನು ಕಂಡರೆ ಅವಳಿಗೆ ನಗು.

“ಔಷಧಿ ಕೊಡಾಕತ್ತೀರೇನ್ ವೈನಿ? ಒಂದ್ ಹಿಡಿ ಹೆಚ್ಚಾದ್ರ ಸತ್ತಹೋಗ್ತೀವೇನು?”

ತಿಂದಮೇಲೆ ಅವಳ ತೀರ್ಪು ಬೇರೆ. “ಮೆತ್ತಗ ಐತಿ, ಚಲೋ ಐತಿ. ಆದ್ರ ಸಪ್ಪಗ. ಇದರ ಮ್ಯಾಲೊಂದಿಷ್ಟು ಶೇಂಗಾ ಚಟ್ನಿ ಉದುರಿಸಿದ್ರ ನಡೀತೈತಿ ನೋಡ್ರಿ.” ಒಮ್ಮೆ ಉದುರಿಸಿಕೊಂಡು ತಿಂದೂ ಬಿಟ್ಟಳು. ಬದಾಮಿ ಹುಡುಗಿ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಿದ್ದಳು.

ಕಳೆದ ಮಳೆಗಾಲದಲ್ಲಿ ಆ ಹುಡುಗಿ ಊಟಕ್ಕೆ ಬರುವುದನ್ನು ಬಿಟ್ಟಳು. ಮೊದಲು ತಲೆನೋವು ಅಂದಳು, ಆಮೇಲೆ ಕುಚ್ಚಿನ ಕೆಲಸ ಬಹಳ ಬಂದಿದೆ ಅಂದಳು. ಬಾಗಿಲು ಅರ್ಧ ತೆರೆದೇ ಮಾತಾಡಿ ಮುಚ್ಚುತ್ತಿದ್ದಳು. ಇಳಕಲ್ಲಿನ ಅಕ್ಕನಿಗೆ ಇದು ನಟ್ಟಿತು.

“ಅವತ್ತ ನಾ ಪುಂಡಿಪಲ್ಯದ ಡಬ್ಬಿ ತಗದ ಕೂಡ್ಲೆ ಆಕಿ ಸೆರಗ ಮೂಗಿಗೆ ಹಿಡಕೊಂಡ್ಳು. ನಾ ಕಣ್ಣಾರೆ ನೋಡೀನಿ. ನನ್ನ ಕೈ ಅಡಗಿ ಹೇಸಿಗಿ ಆತೇನ್ ಆಕಿಗೆ?”

“ಹಂಗೇನ ಇರಾಕಿಲ್ಲ ಅಕ್ಕಾ.”

“ಹಂಗ ಇರ್ಲಿ ಹಿಂಗ ಇರ್ಲಿ, ನಾ ಏನ್ ಕರಿಯಾಕ ಹೋಗಂಗಿಲ್ಲ.”

ಮರುದಿನ ನಾನು ಬಾಳೆಹಣ್ಣಿನ ಕೇಕಿನ ಎರಡು ತುಂಡು ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿಕೊಂಡು ಅವಳ ಮನೆಗೆ ಹೋದೆ. ಒಲೆ ಒಣಗಿತ್ತು. ಅಡುಗೆಮನೆಯ ಕಿಟಕಿಯಿಂದ ನಮ್ಮ ಮನೆಯ, ಅಕ್ಕನ ಮನೆಯ ಅಡುಗೆಯ ವಾಸನೆ ಬರುತ್ತದೆ, ಅದನ್ನು ಮುಚ್ಚಿ ಸಂದಿಗೆ ಹಳೆಯ ಬಟ್ಟೆ ತುರುಕಿದ್ದಳು. ಹಾಸಿಗೆಯ ಮೇಲೆ ಕುಚ್ಚು ಅರ್ಧ ಕಟ್ಟಿದ ಸೀರೆ, ದಿಂಬಿನ ಪಕ್ಕದಲ್ಲಿ ಉಗುರಿನಿಂದ ಗೀರಿದ ನಿಂಬೆಹಣ್ಣು. ನನಗೆ ಕೂರಲು ಜಾಗ ಮಾಡಿಕೊಡಲು ಕೈ ಎತ್ತಿದಾಗ ಅವಳ ಬಳೆಗಳು ಮೊಳಕೈವರೆಗೆ ಜಾರಿದವು.

“ಎಷ್ಟ್ ತಿಂಗಳಾತವ್ವಾ?” ಎಂದೆ.

ಅವಳು ನಿಂಬೆಹಣ್ಣು ಎತ್ತಿಕೊಂಡು ಮೂಸಿದಳು. “ಮೂರರಾಗ ಬಿದ್ದೈತಿ ಅಕ್ಕಾರ. ನಮ್ಮನಿಯವರಿಗೆ ಬಿಟ್ಟ ಯಾರಿಗೂ ಹೇಳಿಲ್ಲ.”

ಯಾಕೆಂದು ಕೇಳುವ ಅಗತ್ಯ ನನಗಿರಲಿಲ್ಲ. ಅದರ ಹಿಂದಿನ ವರ್ಷ ಅವಳಿಗೆ ಹೀಗೆಯೇ ಆಗಿತ್ತು. ಹೀಗೆಯೇ ಏನೂ ನಿಲ್ಲದೆ ಕೊನೆಗೆ ದವಾಖಾನೆಗೆ ಸೇರಿಸಿದ್ದರು, ಸಲೈನ್ ಹಚ್ಚಿದ್ದರು. ಅಲ್ಲಿಯೇ ಕೂಸು ಹೋಯಿತು. ಸಲೈನಿಗೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರಮ್ಮ ತಿಳಿಸಿ ಹೇಳಿದ್ದರಂತೆ. ಆದರೆ ಹುನಗುಂದದ ಅತ್ತೆ ಸುದ್ದಿ ಕೇಳಿದ ಖುಷಿಯಲ್ಲಿ ಮೊದಲೇ ಹಸಿರು ಬಳೆ, ಸೀಮಂತದ ಕುಬಸಕ್ಕೆ ಖಣ ಎಲ್ಲ ಕೊಂಡು ಚೀಲದಲ್ಲಿ ತಂದಿದ್ದರು. ವಾಪಸು ಹೋಗುವಾಗ ಆ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದ್ದನ್ನು ನಾನೂ ನೋಡಿದ್ದೆ.

“ಈಗೂ ಒಂದ ತುತ್ತ ನಿಲ್ಲವಲ್ದು. ಬರೋ ವಾರ ತೂಕ ನೋಡ್ತಾರ. ಇಳದಿದ್ರ ಅಡ್ಮಿಟ್ ಅಂದಾರ. ನಾ ಆ ಕಾಟಿನ ಮ್ಯಾಲ ಮತ್ತ ಮಲಗಂಗಿಲ್ಲ ಅಕ್ಕಾರ. ಅದು ಬ್ಯಾರೆ ಏನೂ ಇಲ್ಲ, ನನಗ ಅಂಜಿಕಿ.” ತಟ್ಟೆಯ ಕಡೆ ಕೈ ಮಾಡಿ ಅಂದಳು, “ಒಗ್ಗರಣಿ ವಾಸನಿ ಬಂದ್ರ ಕರಳ ಕಿತ್ತ ಬರತಾವ. ನಿಮ್ಮ ಮನಿ ಕೇಕಿನ ವಾಸನಿ ಒಂದ ನೋಡ್ರಿ, ತಡಕೋತೀನಿ.”

ಅವಳು ಒಂದು ತುಂಡು ತಿಂದಳು. ನನಗೆ ಸಂತೋಷವಾಗುವಷ್ಟರಲ್ಲಿ ಎದ್ದು ಬಚ್ಚಲಿಗೆ ಓಡಿದಳು. ಸಿಹಿ ಆಗಲಿಲ್ಲ.

ಅವಳ ಒಪ್ಪಿಗೆ ಪಡೆದು ಇಳಕಲ್ಲಿನ ಅಕ್ಕನಿಗೆ ಹೇಳಿದೆ. ಅಕ್ಕ ಆಗ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕೈ ನಿಂತಿತು.

“ಹೌದೇನ್ ವೈನಿ? ಅಯ್ಯ, ನಾ ಏನೇನ ಅಂದ್ನಿ ಆ ಕೂಸಿಗೆ...” ಎಂದು ಮೆಣಸಿನಕಾಯಿ ಪಕ್ಕಕ್ಕೆ ಸರಿಸಿ, ಆಮೇಲೆ ಸಿಟ್ಟು ಮಾಡಿದಳು. “ಹುಚ್ಚಿ! ನನಗೊಂದ್ ಮಾತ ಹೇಳಬಾರದೇನು? ನಾ ಏನ ಡಂಗುರ ಸಾರತಿದ್ನೇನು?”

ಅಂದಿನಿಂದ ಅವಳ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ನಿಂತಿತು. ಗಂಡ ಕಾರಣ ಕೇಳಿದ್ದಕ್ಕೆ “ಬೆಳ್ಳೊಳ್ಳಿ ಹುಳಾ ಹಿಡದಾವ” ಅಂದಳಂತೆ. ಬಸುರಿಗೆ ಬೇರೆ ಮನೆಯ ಊಟ ಸೇರುತ್ತದೆ ಎನ್ನುವ ಮಾತು ನಮ್ಮಲ್ಲಿದೆ, ಬಂಧುಬಳಗದವರು ಬುತ್ತಿ ಕಟ್ಟಿಕೊಂಡು ಹೋಗಿ ಉಣಿಸುತ್ತಾರೆ. ಯಾರಿಗೂ ಹೇಳದ ಬಸುರಿಗೆ ಬುತ್ತಿ ತರುವವರು ಯಾರು? ನಾವಿಬ್ಬರೇ. ನುಚ್ಚು ಮಜ್ಜಿಗೆ ಒಂದು ದಿನ ನಿಂತಿತು, ಮರುದಿನ ನಿಲ್ಲಲಿಲ್ಲ. ಚುರುಮರಿ, ನಿಂಬೆಹುಳಿ ಹಿಂಡಿದ ಅನ್ನ, ಸಜ್ಜೆ ರೊಟ್ಟಿಯ ಚೂರು, ಒಂದೂ ಹತ್ತಲಿಲ್ಲ. ರೊಟ್ಟಿಯಾದರೆ ಅದರ ಹೆಂಚಿನ ವಾಸನೆಯೇ ಆಗದು. ಕೇಕಾದರೆ ಸಿಹಿ ಆಗದು.

“ಹಂಗಾದ್ರ ರೊಟ್ಟಿನ ಕೇಕ್ ಮಾಡ್ರಿ, ಕೇಕಿನ ರೊಟ್ಟಿ ಮಾಡ್ರಿ, ಏನರೆ ಮಾಡ್ರಿ” ಎಂದಳು ಅಕ್ಕ ಬೇಸತ್ತು.

ಅವಳು ಆಡುವುದಕ್ಕೆ ಆಡಿದ ಮಾತು, ನನಗೆ ಒಳಗೆ ಹೊಕ್ಕಿತು. ಮೈದಾ ಬಿಟ್ಟು ಬಿಳಿಜೋಳದ ಹಿಟ್ಟು ತೆಗೆದುಕೊಂಡೆ. ಮೊಸರು, ಸ್ವಲ್ಪ ಎಣ್ಣೆ, ಚಿಟಿಕೆ ಸೋಡಾ, ನಾಲಿಗೆಗೆ ಗೊತ್ತಾದರೆ ಗೊತ್ತಾಗಬೇಕು ಎನ್ನುವಷ್ಟು ಬೆಲ್ಲ, ಜೀರಿಗೆ, ಉಪ್ಪು. ಎಲ್ಲವನ್ನೂ ಸವರಿದ ಚಮಚದಲ್ಲೇ ಅಳೆದೆ. ಬೆಂದಾಗ ಬಣ್ಣ ಚೆನ್ನಾಗಿ ಬಂತು. ಡಬ್ಬಿಯನ್ನು ಬೋರಲು ಹಾಕಿದರೆ ಕೇಕು ಹುಡಿ ಹುಡಿಯಾಗಿ ತಟ್ಟೆಯ ತುಂಬ ಬಿತ್ತು.

ಇಳಕಲ್ಲಿನ ಅಕ್ಕ ಎರಡು ಬೆರಳಲ್ಲಿ ಒಂದಿಷ್ಟು ಎತ್ತಿ ನೋಡಿದಳು. “ಎಸರು ಹಾಕಿದ್ರೇನು?”

“ಕೇಕಿಗೆ ಯಾರ ಎಸರು ಹಾಕ್ತಾರಕ್ಕಾ?”

“ಜ್ವಾಳಕ್ಕ ಜಿಗಿ ಎಲ್ಲೈತಿ? ಕುದಿನೀರ ಬಿದ್ರ ಮಾತ್ರ ಅದು ಒಂದಕ್ಕೊಂದ ಹಿಡಕೋತೈತಿ. ತಣ್ಣೀರಾಗ ಕಲಿಸಿ ರೊಟ್ಟಿ ಮಾಡಾಕ ಆಕೈತೇನು? ಹಂಗ ಇದು. ಸರೀರಿ ಅತ್ಲಾಗ.”

ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ ಅವಳೇ ನೀರಿಟ್ಟಳು. ನೀರು ಕೊತಕೊತ ಕುದಿದಾಗ ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದಳು, ಸೌಟಿನ ಹಿಡಿಯಿಂದ ತಿರುವಿದಳು. ಸಿಸ್ಟರ್ ಹೇಳಿಕೊಟ್ಟದ್ದು ಒಂದೇ ದಿಕ್ಕಿಗೆ, ಹಗುರಾಗಿ ತಿರುವಬೇಕೆಂದು. ಇವಳೋ ಸೇಡು ತೀರಿಸಿಕೊಳ್ಳುವವಳ ಹಾಗೆ ನಾದಿದಳು. ನಾನು ಮೊಸರು, ಸೋಡಾ ಸೇರಿಸಲು ಹೋದರೆ ಆ ಮುದ್ದೆ ಒಳಗೇ ಬಿಟ್ಟುಕೊಳ್ಳಲಿಲ್ಲ. ಇಬ್ಬರೂ ಸೇರಿ ಹೇಗೋ ಒಳಗೆ ಸೇರಿಸಿ ಓವನ್ನಿಗಿಟ್ಟೆವು.

ಹೊರಗೆ ತೆಗೆದಾಗ ಅದು ಹುಡಿಯಾಗಲಿಲ್ಲ. ಉಬ್ಬಲೂ ಇಲ್ಲ. ಮೇಜಿನ ಮೇಲೆ ಇಟ್ಟರೆ ಟಕ್ಕೆಂದು ಸದ್ದಾಯಿತು.

ಅಕ್ಕ ಅದನ್ನು ಬೆರಳ ಗಂಟಿನಿಂದ ಬಡಿದು ನೋಡಿದಳು. “ಇದನ್ನ ಪಟ್ಟದಕಲ್ಲಿಗೆ ಒಯ್ದ ಇಟ್ರ, ಬಂದ ಮಂದಿ ಫೋಟೋ ತಕ್ಕೊಂಡ ಹೊಕ್ಕಾರ್ರಿ ವೈನಿ.”

ಇಬ್ಬರೂ ಮೇಜು ಹಿಡಿದುಕೊಂಡು ನಕ್ಕೆವು. ನಗು ನಿಂತಮೇಲೆ ಕ್ಯಾಲೆಂಡರ್ ನೋಡಿದೆವು. ತೂಕ ನೋಡುವ ದಿನ ಹತ್ತಿರ ಬಂದಿತ್ತು. ಅಕ್ಕ ಆ ಇಟ್ಟಿಗೆಯನ್ನು ಕೈಯಲ್ಲಿ ತಿರುಗಿಸುತ್ತ, ಚೆಲ್ಲುವುದು ಬೇಡ, ತೆಳ್ಳಗೆ ಕೊಯ್ದು ಇನ್ನೊಮ್ಮೆ ಒಣಗಿಸೋಣ, ಹುಡುಗರಾದರೂ ಚಹಾದಲ್ಲಿ ಅದ್ದಿ ತಿನ್ನುತ್ತಾರೆ ಅಂದಳು. ಮೆತ್ತನೆಯ ರೊಟ್ಟಿ ಉಳಿದರೆ ಒಲೆಯ ಬದಿಗೆ ನಿಲ್ಲಿಸಿ ಖಡಕ್ ಮಾಡುವುದು ನಮಗೆಲ್ಲ ಗೊತ್ತಿದ್ದದ್ದೇ. ಚಾಕು ಒತ್ತಿ ಒತ್ತಿ ಕೊಯ್ದೆವು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಿಟ್ಟೆವು. ಮನೆಯೊಳಗೆ ಜೋಳದ, ಜೀರಿಗೆಯ, ಸ್ವಲ್ಪವೇ ಬೆಲ್ಲದ ವಾಸನೆ ತುಂಬಿತು.

ಬಾಗಿಲಲ್ಲಿ ಬದಾಮಿ ಹುಡುಗಿ ನಿಂತಿದ್ದಳು. ಎಷ್ಟೋ ದಿನವಾದಮೇಲೆ ನಮ್ಮ ಹೊಸ್ತಿಲಿಗೆ ಬಂದಿದ್ದಳು.

“ಏನ್ ಮಾಡಾಕತ್ತೀರಿ? ಕಿಡಕಿ ತಗದ ನೋಡಿದ್ನಿ. ವಾಸನಿ ಚಲೋ ಬಂತು.”

ಒಂದು ಹೋಳು ಕೊಟ್ಟೆ. ಮುಂಬಲ್ಲಿನಿಂದ ಅಂಚನ್ನು ಕಡಿದಳು. ಕರ್ ಎಂದು ಸದ್ದಾಯಿತು. ಅಗಿದು ನುಂಗಿ, ಜಮಖಾನದ ಮೇಲೆ ಗೋಡೆಗೆ ಒರಗಿ ಕೂತಳು. ನಾವಿಬ್ಬರೂ ಬಚ್ಚಲ ಬಾಗಿಲಿನ ಕಡೆ ನೋಡಬಾರದೆಂದು ಬೇರೆಲ್ಲ ಕಡೆ ನೋಡಿದೆವು. ಅಕ್ಕ ತವರಿನ ಮಗ್ಗದಲ್ಲಿ ಎಂದೋ ಸೆರಗಿನ ಬಣ್ಣ ತಪ್ಪಿ ನೇಯ್ದ ಸೀರೆಯ ಕತೆ ಶುರು ಮಾಡಿದಳು. ಅದಕ್ಕೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಮುಗಿಸಲು ಧೈರ್ಯವಾಗದೆ ಇನ್ನೊಂದು ಸೀರೆ, ಆ ಸೀರೆ ಉಟ್ಟವಳ ಮದುವೆ, ಆ ಮದುವೆಯಲ್ಲಿ ಕಡಿಮೆ ಬಿದ್ದ ಬೂಂದಿ ಎಂದು ಎಳೆಯುತ್ತಲೇ ಹೋದಳು.

“ಅಕ್ಕಾ,” ಎಂದಳು ಹುಡುಗಿ ನಡುವೆ, “ಇನ್ನೊಂದ ಕೊಡ್ರಿ.”

ಅಕ್ಕನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬೂಂದಿ ಏನಾಯಿತೆಂದು ನಮಗೆ ಇಂದಿಗೂ ಗೊತ್ತಿಲ್ಲ.

ಹುಡುಗಿ ಅದಕ್ಕೆ ಖಡಕ್ ಕೇಕು ಎಂದು ಹೆಸರಿಟ್ಟಳು. ದಿಂಬಿನ ಪಕ್ಕ ಡಬ್ಬಿ ಇಟ್ಟುಕೊಂಡು, ಬೆಳಿಗ್ಗೆ ಏಳುವ ಮೊದಲು ಮಲಗಿದಲ್ಲೇ ಒಂದು ಹೋಳು ಮೆಲ್ಲಗೆ ಕಡಿಯುತ್ತಿದ್ದಳು. ಆಮೇಲೆ ಮಜ್ಜಿಗೆ ಇಳಿಯುತ್ತಿತ್ತು, ಮಧ್ಯಾಹ್ನ ಒಂದಿಷ್ಟು ನುಚ್ಚು. ಎಲ್ಲ ದಿನವೂ ಅಲ್ಲ. ನಡುವೆ ಒಂದು ದಿನ ಪೂರ್ತಿ ಕೆಟ್ಟಿತು, ಅಂದು ಆ ಹೋಳೂ ನಿಲ್ಲಲಿಲ್ಲ. ಮರುದಿನ ಮತ್ತೆ ನೀರಿಟ್ಟೆವು. ನಾನು ಈಗಲೂ ಚಮಚ ಸವರಿಯೇ ಅಳೆಯುತ್ತಿದ್ದೆ, ಅಕ್ಕ ಹಿಡಿಯಲ್ಲೇ ಹಾಕುತ್ತಿದ್ದಳು. ಎರಡು ಬಗೆಯಲ್ಲಿ ಮಾಡಿದರೂ ಕೇಕು ಕಲ್ಲಾಗುತ್ತಿತ್ತು. ನಮಗೆ ಬೇಕಾಗಿದ್ದದ್ದೂ ಅದೇ.

ತೂಕದ ದಿನ ಅವಳ ಗಂಡನಿಗೆ ರಜೆ ಸಿಗಲಿಲ್ಲ, ನಾನು ಜೊತೆಗೆ ಹೋದೆ. ಆಟೋದಿಂದ ಇಳಿದು ದವಾಖಾನೆಯ ಮೆಟ್ಟಿಲ ಹತ್ತಿರ ಅವಳು ನಿಂತುಬಿಟ್ಟಳು. ಮೇಲಿನ ಮಹಡಿಯ ಕಿಟಕಿಯ ಕಡೆ ಕತ್ತೆತ್ತಲಿಲ್ಲ. ನನ್ನ ಮೊಳಕೈ ಹಿಡಿದುಕೊಂಡಳು. ತೂಕದ ಮಿಶಿನ್ನಿನ ಮುಂದೆ ಚಪ್ಪಲಿ ಬಿಟ್ಟಳು. ಆಮೇಲೆ ಏನೋ ಯೋಚಿಸಿ ಮತ್ತೆ ಚಪ್ಪಲಿಯಲ್ಲಿ ಕಾಲು ಹಾಕಿದಳು.

“ಚಪ್ಪಲಿ ಬಿಡವ್ವಾ” ಎಂದಳು ನರ್ಸು, ಇಂಥವರನ್ನು ಬಹಳ ಮಂದಿಯನ್ನು ನೋಡಿದವಳಂತೆ.

ಮುಳ್ಳು ನಡುಗಿ ನಿಂತಿತು. ಡಾಕ್ಟರಮ್ಮ ಚೀಟಿ ನೋಡಿ, ಅವಳ ಕಣ್ಣ ಕೆಳಗಿನ ರೆಪ್ಪೆ ಎಳೆದು ನೋಡಿ, ನಾಲಿಗೆ ನೋಡಿದರು. “ಏರಿಲ್ಲ. ಆದ್ರ ಇಳದಿಲ್ಲ. ಏನ್ ತಿನ್ನಾಕತ್ತೀ?”

ಅವಳು ನನ್ನ ಕಡೆ ನೋಡಿದಳು. ನಾನು ಹೇಳಿದೆ. ಡಾಕ್ಟರಮ್ಮ ಅರ್ಧ ಕೇಳಿ, “ಒಣದು, ಸಪ್ಪಂದು ನಿಲ್ಲತೈತಿ. ಅದನ್ನ ಬಿಡಬ್ಯಾಡ. ಗುಳಿಗಿ ತಗೋ. ಈಗ ಅಡ್ಮಿಟ್ ಬ್ಯಾಡ, ಮನಿಗೆ ಹೋಗು. ಹದಿನೈದ ದಿನ ಬಿಟ್ಟ ಬಾ” ಎಂದು ಮುಂದಿನವರನ್ನು ಕರೆದರು.

ಆಟೋದಲ್ಲಿ ಅವಳು ಬಹಳ ಹೊತ್ತು ಹೊರಗೆ ನೋಡುತ್ತ ಕೂತಿದ್ದಳು. ಅಪಾಯ ಕಳೆಯಿತೆಂದು ಯಾರೂ ಹೇಳಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಆದರೆ ಅವಳು ಚೀಲದಿಂದ ಫೋನು ತೆಗೆದಳು. ಹುನಗುಂದಕ್ಕೆ ಹಚ್ಚಿದಳು.

“ಅತ್ತಿ... ಹೂಂ, ಆರಾಮ ಅದೀನ್ರಿ. ಒಂದ ಮಾತ ಹೇಳೋದಿತ್ತು.” ಹೇಳಿದಳು. ಅತ್ತಲಿಂದ ಏನೂ ಕೇಳಲಿಲ್ಲ. ಫೋನು ಕಟ್ಟಾಯಿತೇನೋ ಎಂದು ಅವಳು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡಳು.

ಆಮೇಲೆ ಅತ್ತೆಯ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿ ಬಂತು. “ನಾ ಬರ್ಲ್ಯಾ?”

ಹುಡುಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. “ಬರ್ರಿ.”

“ಏನ ತರ್ಲಿ?” ಆ ಪ್ರಶ್ನೆಯಲ್ಲಿದ್ದ ಅಳುಕು ನಮ್ಮಿಬ್ಬರಿಗೂ ಗೊತ್ತಾಯಿತು.

“ಬಿಳಿಜ್ವಾಳದ ಹಿಟ್ಟ ತರ್ರಿ, ನಮ್ಮ ಹೊಲದ್ದು. ಬ್ಯಾರೆ ಏನೂ ಬ್ಯಾಡ ಈಗ.”

“ಹಿಟ್ಟಾ?” ಎಂದರು ಅತ್ತೆ. “ಬಸರಿದ್ದಾಗ ಮಂದಿ ಮಾವಿನಕಾಯಿ ಬೇಡತಾರ, ಮಣ್ಣ ಬೇಡತಾರ. ಹಿಟ್ಟ ಬೇಡಿದಾಕೀನ ನಾ ಇವತ್ತ ನೋಡಿದ್ನಿ ನೋಡವಾ. ಎಷ್ಟ ತರ್ಲಿ?”

ಹುಡುಗಿ ನನ್ನ ಮುಖ ನೋಡಿದಳು. ನಾನು ಚಮಚದ ಲೆಕ್ಕ ಹಾಕತೊಡಗಿದ್ದೆ. ಅಷ್ಟರಲ್ಲಿ ಅವಳೇ ಹೇಳಿಬಿಟ್ಟಳು, “ಒಂದ ಚೀಲ ತರ್ರಿ.”