ಬಿಚ್ಚದೆ ಬಿಟ್ಟ ಕಟ್ಟು

ಮಂಜು, ನಿನ್ನ ಎಡಗೈ ಹಾಳಾದದ್ದು ನಾನು ಹೊಡೆದ ಏಟಿನಿಂದಲ್ಲ, ನಾನು ಕಟ್ಟಿದ ಕಟ್ಟಿನಿಂದ. ಕೈ ಸಾಯುತ್ತಿದೆಯೆಂದು ನನಗೆ ಗೊತ್ತಿತ್ತು — ಗೊತ್ತಿದ್ದೂ ಬಿಚ್ಚಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು. ಕಣಕಟ್ಟೆಯ ನಮ್ಮ ತೆಂಗಿನ ತೋಟದಲ್ಲಿ, ನನ್ನ ಸರದಿಯ ನೀರನ್ನು ನೀನು ನಿನ್ನ ಗಿಡಗಳಿಗೆ ತಿರುಗಿಸಿಕೊಂಡಿದ್ದೆ. ಕೇಳಿದರೆ ನಕ್ಕೆ. ನನ್ನ ಮೈಯೆಲ್ಲ ಉರಿದುಹೋಯಿತು. ಗುದ್ದಲಿಯ ಕಾವನ್ನು ನಿನ್ನ ತಲೆಗೇ ಬೀಸಿದೆ. ನೀನು ಎಡಗೈ ಅಡ್ಡ ಕೊಟ್ಟೆ — ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಕೆಸರಿಗೆ ಬಿದ್ದವನ ಅದೇ ಕೈಗೆ ಇನ್ನೊಂದು ಬಿಟ್ಟೆ. ಮೊದಲನೆಯದನ್ನು ಕೋಪ ಅನ್ನಬಹುದು. ಎರಡನೆಯದಕ್ಕೆ — ಏನನ್ನಲಿ?

ಆಮೇಲೆ ಹೆದರಿಕೆ. ಅರಸೀಕೆರೆಯ ಆಸ್ಪತ್ರೆಗೆ ಹೋದರೆ ಹೇಗಾಯಿತೆಂದು ಕೇಳುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ. ಬದುವಿನಿಂದ ಬಿದ್ದನೆಂದು ಮನೆಯಲ್ಲಿ ಹೇಳಿದೆ. ನೀನೂ ನನ್ನ ಮಾನ ಉಳಿಸಲು ಹೂಂಗುಟ್ಟಿದೆ. ಆಗಲೇ ತೀರಿಕೊಂಡಿದ್ದ ಅಪ್ಪ ಊರಿಗೆಲ್ಲ ಮುರಿದ ಮೂಳೆ ಕಟ್ಟುತ್ತಿದ್ದವರು. ನಾನೂ ಅವರ ಪಕ್ಕ ಕೂತು ಕಲಿತಿದ್ದೆ. ಬಿದಿರಿನ ದಬ್ಬೆಗಳನ್ನಿಟ್ಟು, ಬಟ್ಟೆ ಸುತ್ತಿ ಬಿಗಿದೆ.

ಕಟ್ಟಿದ ಮೇಲೆ ಉಗುರು ನೋಡುತ್ತಿರಬೇಕು — ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಉಗುರು ಕಪ್ಪಾದರೆ, ಬೆರಳು ತಣ್ಣಗಾದರೆ ತಕ್ಷಣ ಬಿಚ್ಚಬೇಕು. ಮರುದಿನ ಬೆಳಿಗ್ಗೆ ನಿನ್ನ ಉಗುರುಗಳು ನೇರಳೆಯಾಗಿದ್ದವು. ನೀನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ.

“ಅಣ್ಣಾ, ಬೆರಳು ಸತ್ತೋದಂಗೈತೆ... ಬಿಚ್ಚಣ್ಣಾ, ಕಾಲಿಗ್ ಬೀಳ್ತೀನಿ.”

“ಸುಮ್ನಿರ್ಲಾ. ಮೂಳೆ ಕೂಡ್ಕೊಳ್ತಾ ಐತೆ, ಅದಕ್ಕೇ ನೋವು” ಎಂದೆ ನಾನು.

ಬಿಚ್ಚಿದರೆ ಕಾವಿನ ಎರಡು ಬರೆ ಎಲ್ಲರಿಗೂ ಕಾಣುತ್ತಿದ್ದವು. ಬದುವಿನಿಂದ ಬಿದ್ದವನ ಕೈಮೇಲೆ ಅಂಥ ಬರೆ ಏಳುವುದಿಲ್ಲ. ಅವು ಮಾಸಲೆಂದು — ಅಷ್ಟಕ್ಕೇ — ನಾಲ್ಕು ದಿನ ಕಾದೆ. ಬಿಚ್ಚಿದಾಗ ಚರ್ಮದ ತುಂಬ ಬೊಬ್ಬೆ. ಬೆರಳುಗಳು ಮಡಚಿಕೊಂಡು ಹಾಗೇ ನಿಂತಿದ್ದವು. ಕೊನೆಗೂ ಆಸ್ಪತ್ರೆಗೆ ಹೋದೆವು. ನೀನು ಎಕ್ಸ್‌ರೇ ಕೋಣೆಯಲ್ಲಿದ್ದಾಗ ಡಾಕ್ಟರು ನನಗೆ ಹೇಳಿದರು: “ಮೊದಲನೇ ದಿನವೇ ಬಿಚ್ಚಿದ್ರೆ ಈ ಕೈ ಉಳೀತಿತ್ತು.” ಆ ಮಾತನ್ನು ನಿನಗೆ ಇವತ್ತಿನವರೆಗೂ ಮುಟ್ಟಿಸಲಿಲ್ಲ.

ಮೊನ್ನೆ ಹಳೇಬೀಡಿನ ಮದುವೆಯೂಟದಲ್ಲಿ ಯಾರೋ ನಿನ್ನ ಕೈಗೇನಾಯಿತೆಂದು ಕೇಳಿದರು. “ನಮ್ಮಣ್ಣ ಕಟ್ಟು ಕಟ್ಟಿದ್ಕೆ ಇಷ್ಟಾದ್ರೂ ಉಳ್ಕಂತು ಕಣ್ರೀ” ಎಂದೆ ನೀನು. ಪಕ್ಕದಲ್ಲೇ ಕೂತಿದ್ದ ನಾನು ಅರ್ಧ ಊಟಕ್ಕೇ ಎಲೆ ಮಡಚಿ ಎದ್ದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಹೆಂಡತಿಗೂ ಇದನ್ನು ಓದಿ ಹೇಳು. ಪೊಲೀಸರಿಗೆ ಕೊಡಬೇಕೆನಿಸಿದರೆ ಕೊಡು, ಕೆಳಗೆ ಸಹಿ ಹಾಕಿದ್ದೇನೆ. ಒಂದೇ ಒಂದು ಕೇಳುತ್ತೇನೆ — ಇನ್ನು ಯಾರ ಮುಂದೆಯೂ ನನ್ನನ್ನು ಹೊಗಳಬೇಡ.