ಖಣದ ನಾಲ್ಕು ಗುಡ್ಡೆಗಳು

ಹೊಲಿಸದೆ ಉಳಿದ ಹಸಿರು ಖಣವೊಂದು ನನ್ನ ಕೈಚೀಲದಲ್ಲಿ ಸದಾ ಇರುತ್ತದೆ. ಕುಪ್ಪಸವಾಗಬೇಕಿದ್ದ ಬಟ್ಟೆ ಹೀಗೇಕೆ ಊರು ತಿರುಗುತ್ತಿದೆಯೆಂದು ಕೇಳುವಿರಾದರೆ, ಗೆಳೆಯರೇ, ನನ್ನೊಡನೆ ಸ್ವಲ್ಪ ಹಿಂದಕ್ಕೆ ಬರಬೇಕು.

ಹೊಸ ಶತಮಾನ ಕಣ್ಣು ಬಿಡುತ್ತಿದ್ದ ದಿನಗಳವು. ಬೆಳಗಾವಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತ, ಜಾಲಕವೆಂಬ ಬೀಜಗಣಿತದ ರಚನೆಯ ಮೇಲೆ ಸಂಶೋಧನೆಗೆ ಕೂತಿದ್ದೆ. ಯಾವ ಎರಡನ್ನು ತೆಗೆದುಕೊಂಡರೂ ಎರಡನ್ನೂ ಒಳಗೊಳ್ಳುವ ಒಂದು ಮೇಲಿನ ನೆಲೆ, ಎರಡರೊಳಗೂ ಅಡಗುವ ಒಂದು ಕೆಳಗಿನ ನೆಲೆ ಇದ್ದೇ ಇರಬೇಕೆಂಬುದು ಅದರ ಧರ್ಮ. ನಮ್ಮ ಮುಖ್ಯಸ್ಥರಿಗೆ ಮಾತ್ರ ಕಂಪ್ಯೂಟರಿನ ಗಾಳಿ ಹಿಡಿದಿತ್ತು. "ಇದನ್ನ ತಗೊಂಡು ಏನ್ ಮಾಡ್ತೀರಿ ಮೇಡಂ? ಬಿಟ್ಟು ಡೇಟಾಬೇಸ್ ಕಲಿಸ್ರಿ. ಏನಂತ ಸೋಮವಾರ ಹೇಳ್ರಿ," ಎಂದಿದ್ದರು. ಅರ್ಧ ಬಿಟ್ಟ ಮನಸ್ಸಿನಲ್ಲೇ ತಮ್ಮನ ಮದುವೆಯ ತಯಾರಿಗೆಂದು ಖಾನಾಪುರದ ತವರಿಗೆ ಬಂದೆ.

ಅಲ್ಲಿ ಮದುವೆಗೆ ಮೊದಲೇ ಯುದ್ಧ ಶುರುವಾಗಿತ್ತು. ಬಂಧುಗಳಿಗೆ ಮದುವೆಯ ಉಡುಗೊರೆಯಾಗಿ ಆಯೇರ ಕೊಡಲು ಬೆಳಗಾವಿಯ ರವಿವಾರ ಪೇಟೆಯಿಂದ ತಂದ ಖಣಗಳು, ಹೆಸರಿನ ಚೀಟಿ ಹಚ್ಚಿಕೊಂಡು, ಜಮಖಾನೆಯ ಮೇಲಿದ್ದವು. ಆಯೇರದಲ್ಲಿ ಬಟ್ಟೆಗಿಂತ ಮಾನ ದೊಡ್ಡದು; ಯಾರದು ಯಾರ ಜೊತೆ ಕೂತಿತೆಂದು ಎಲ್ಲರೂ ನೋಡುತ್ತಾರೆ. ಅವ್ವ ತನ್ನ ತವರಿನವರದೊಂದು, ಗಂಡನ ಮನೆಯವರದೊಂದು ಗುಡ್ಡೆ ಮಾಡಿದ್ದಳು. ನಂದಗಡದಿಂದ ಬಂದ ಸೋದರತ್ತೆ ಅವನ್ನು ಕೆಡಿಸಿ ಹಿರಿಯರದೊಂದು, ಕಿರಿಯರದೊಂದು ಮಾಡಿದ್ದಳು.

"ಹಿರೇರನ್ನ ಸಣ್ಣವರ ಕೂಡ ಕಲಸ್ತಿ ಏನ? ಖರೇ ಹೇಳ್ತೀನಿ, ನಾ ಹಂದರಕ್ಕ ಕಾಲ ಇಡೂದಿಲ್ಲ," ಎಂದಳು ಅತ್ತೆ.

"ನಮ್ಮ ತವರಮನಿಯವ್ರು ಯಾರಂತ ಗೊತ್ತಾಗೂದ ಬ್ಯಾಡೇನ್ರಿ ಅಕ್ಕಾರ?" ಎಂದಳು ಅವ್ವ.

ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರ ಮೇಲೂ, ಅವರಿಗಿಂತ ಹೆಚ್ಚಾಗಿ ಮುಖ್ಯಸ್ಥರೆದುರು ಸೋಲಲು ಹೊರಟಿದ್ದ ನನ್ನ ಮೇಲೂ. ಸೆರಗು ಬಿಗಿದು ಜಮಖಾನೆಗೆ ಇಳಿದೆ. ಒಂದು ಸಾಲಿನಲ್ಲಿ ಅವ್ವನ ತವರಿನ ಹಿರಿಯರು, ಕಿರಿಯರು; ಅದರ ಕೆಳಗಿನ ಸಾಲಿನಲ್ಲಿ ಅಪ್ಪನ ಮನೆಯ ಹಿರಿಯರು, ಕಿರಿಯರು ಎಂದು ನಾಲ್ಕು ಗುಡ್ಡೆ ಒಟ್ಟಿದೆ. ಅಡ್ಡ ಕೂಡಿಸಿದರೆ ಅವ್ವನ ವಿಂಗಡಣೆ, ಉದ್ದ ಕೂಡಿಸಿದರೆ ಅತ್ತೆಯದು; ಯಾರದೂ ಕೆಡಲಿಲ್ಲ. ಒಟ್ಟುತ್ತಿದ್ದ ಕೈ ಅಲ್ಲೇ ನಿಂತಿತು. ಡೇಟಾಬೇಸಿನ ಕೋಷ್ಟಕವೂ ಇದೇ ಅಲ್ಲವೆ! ಒಂದೊಂದು ಕಾಲಮ್ಮೂ ಒಂದೊಂದು ವಿಂಗಡಣೆ. ಎರಡನ್ನೂ ಒಟ್ಟಿಗೆ ಹಿಡಿದು ವಿಂಗಡಿಸಿದರೆ ಇನ್ನೂ ಸಣ್ಣ ಗುಡ್ಡೆ; ಅದೇ ಜಾಲಕದ ಕೆಳಗಿನ ನೆಲೆ. ಸಣ್ಣದು ಯಾವುದೆಂದು ತಿಳಿದರೆ ಅದು ಸೇರುವ ದೊಡ್ಡದು ತಾನಾಗಿ ತಿಳಿಯುತ್ತದೆ. ಕಲಿಸಿರೆಂದು ಮುಖ್ಯಸ್ಥರು ಹೇಳಿದ್ದರ ಬುಡದಲ್ಲೇ, ಬಿಡಿರೆಂದು ಹೇಳಿದ್ದು ಗಟ್ಟಿಯಾಗಿ ಕೂತಿತ್ತು.

ಹಾಗಾದರೆ ಇಬ್ಬರಿಗೂ ಮೇಲಿನ ನೆಲೆ ಯಾವುದು? ಅವ್ವನ ಗುಡ್ಡೆಯಿಂದ ಅತ್ತೆಯದಕ್ಕೆ, ಅಲ್ಲಿಂದ ಮತ್ತೆ ಅವ್ವನದಕ್ಕೆ ದಾಟುತ್ತ ಹೋದರೆ ಕೊನೆಗೆ ಎಲ್ಲ ಖಣಗಳೂ ಒಂದೇ ಗುಡ್ಡೆ, ಎಲ್ಲರೂ ನಮ್ಮವರೇ. ಗಣಿತ ಇಷ್ಟು ಮೆತ್ತಗೆ ಮಾತಾಡೀತೆಂದು ನಾನು ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು. ಅತ್ತೆ ನಾಲ್ಕೂ ಗುಡ್ಡೆಗಳನ್ನು ಒಮ್ಮೆ ನೋಡಿ, ತನ್ನ ಹೆಸರಿನ ಹಸಿರು ಖಣ ಎತ್ತಿ ನನ್ನ ಉಡಿಗೆ ಹಾಕಿದಳು. "ನಿನ್ನ ಸಾಲಿ ಇವತ್ತ ಮನಿಗೆ ಬಂತ ನೋಡವಾ," ಎಂದಳು.

ಸೋಮವಾರ ಮುಖ್ಯಸ್ಥರ ಮೇಜಿನ ಮೇಲೆ ಆ ಖಣವನ್ನೇ ಹಾಸಿದೆ. "ಡೇಟಾಬೇಸ್ ಕಲಿಸ್ತೀನ್ರಿ ಸರ್. ಜಾಲಕದಿಂದನ ಕಲಿಸ್ತೀನಿ. ಬಿಡೂದಿಲ್ಲ," ಎಂದೆ. ಅಂದಿನಿಂದ ವರ್ಷದ ಮೊದಲ ಪಾಠಕ್ಕೆ ಇದು ನನ್ನೊಡನೆ ತರಗತಿಗೆ ಬರುತ್ತದೆ. ಕುಪ್ಪಸ ಹೊಲಿಸಿದ್ದರೆ ಎಂದೋ ಹರಿದುಹೋಗುತ್ತಿತ್ತು.